ಕೊಪ್ಪಳ ಸೀಮೆಯ ಹಲ್ಲು ಮತ್ತು ನೀರು

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಸೀಮೆಯಲ್ಲಿ ಹಲ್ಲಿನ ಆರೋಗ್ಯದ ಚರಿತ್ರೆಯನ್ನು ಕುಡಿಯುವ ನೀರಿನ ಚರಿತ್ರೆಯಿಂದ ಬಿಡಿಸಿ ಹೇಳಲು ಬರುವುದಿಲ್ಲ. ಇಲ್ಲಿನ ಅನೇಕ ಹಳ್ಳಿಗಳ ಮಕ್ಕಳ ಮುಂದಿನ ಹಲ್ಲುಗಳಲ್ಲಿ ಹೊಳಪಿಲ್ಲದ ಬಿಳಿ ಮಚ್ಚೆ, ಸಣ್ಣ ಅಡ್ಡಗೆರೆ, ಕೆಲ ವರ್ಷಗಳ ಮೇಲೆ ಅದೇ ಜಾಗದಲ್ಲಿ ಕಂದು ಕರೆ ಕಾಣಿಸುತ್ತದೆ. ಇದು ಹಲ್ಲುಜ್ಜದೆ ಕೂತ ಕೊಳೆಯಲ್ಲ, ಹುಳುಕೂ ಅಲ್ಲ. ನೆಲದಾಳದ ನೀರಿನಲ್ಲಿ ಕರಗಿರುವ ಫ್ಲೋರೈಡ್, ಹಲ್ಲು ಇನ್ನೂ ದವಡೆಯೊಳಗೆ ಬಲಿಯುತ್ತಿದ್ದ ಕಾಲದಲ್ಲೇ ಮಾಡಿಟ್ಟ ಗುರುತು. ವೈದ್ಯರು ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ. ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಅದರಲ್ಲಿದ್ದದ್ದು ಈ ನಾಲ್ಕು ತಾಲ್ಲೂಕುಗಳೇ. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಸೇರಿದವು. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದವು. ಅಡಿಯ ಬಂಡೆಯೂ ಮೇಲಿನ ಮಳೆಯೂ ಬದಲಾಗಲಿಲ್ಲ.

ಹಲ್ಲು ನೋಡಿ ದೇಹದ ಸ್ಥಿತಿ ಅಳೆಯುವ ರೂಢಿ ಈ ನಾಡಿಗೆ ಹೊಸದಲ್ಲ. ದನದ ಸಂತೆಯಲ್ಲಿ ಬೆಲೆ ಮಾತಾಡುವ ಮುಂಚೆ ಎತ್ತಿನ ತುಟಿ ಎತ್ತಿ ಹಲ್ಲು ನೋಡುವುದು ಮೊದಲ ಕೆಲಸ. ಹಾಲುಹಲ್ಲು, ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು ಎಂದು ವಯಸ್ಸು ಗೊತ್ತಾಗುತ್ತದೆ. ಸುಮಾರು ಎರಡು ವರ್ಷ ದಾಟಿದ ಹೋರಿಗೆ ಮೊದಲ ಜೋಡಿ ಬರುತ್ತದೆ, ನಾಲ್ಕೂವರೆ ಐದು ವರ್ಷಕ್ಕೆ ಬಾಯಿಗೂಡುತ್ತದೆ. ಸವೆದ ಹಲ್ಲಿನ ಎತ್ತು ಮೇವು ಅಗಿಯಲಾರದು, ನೊಗ ಎಳೆಯಲಾರದು ಎಂಬುದು ಒಕ್ಕಲಿಗನಿಗೆ ತಿಳಿದ ಲೆಕ್ಕ. ಆದರೆ ದನದ ಬಾಯಿ ಪರೀಕ್ಷಿಸಿದಷ್ಟು ಕಾಳಜಿಯಿಂದ ಮಕ್ಕಳ ಬಾಯಿ ನೋಡುವ ಪದ್ಧತಿ ಬೆಳೆಯಲಿಲ್ಲ. ಹಾಲುಹಲ್ಲು ಹೇಗೂ ಬೀಳುತ್ತವೆ ಎಂಬ ನಂಬಿಕೆ ಅದಕ್ಕೆ ಒಂದು ಕಾರಣ. ನೋವು ಬಂದ ಮೇಲೆ ನೋಡಿದರಾಯಿತು ಎಂಬುದು ಇನ್ನೊಂದು.

ಶಾಸ್ತ್ರದಲ್ಲಿ ಲಕ್ಷಣಗಳ ವಿವರಕ್ಕೆ ಕೊರತೆ ಇರಲಿಲ್ಲ. ಸುಶ್ರುತ ಸಂಹಿತೆ ಬಾಯಿಯ ರೋಗಗಳನ್ನು 65 ಎಂದು ಎಣಿಸುತ್ತದೆ. ಅವುಗಳಲ್ಲಿ 15 ವಸಡಿನವು, 8 ಹಲ್ಲಿನವು. ವಸಡಿನಿಂದ ತಾನಾಗಿ ರಕ್ತ ಒಸರುವ ಶೀತಾದ, ತಣ್ಣೀರು ತಗುಲಿದರೆ ಜುಮ್ಮೆನ್ನುವ ದಂತಹರ್ಷ, ಹಲ್ಲಿನ ಮೇಲೆ ಗಟ್ಟಿಯಾಗಿ ಕೂರುವ ದಂತಶರ್ಕರಾ, ಹಲ್ಲು ಕಪ್ಪಾಗುವ ಶ್ಯಾವದಂತ, ತೂತು ಬೀಳುವ ಕ್ರಿಮಿದಂತ ಇವೆಲ್ಲ ಅಲ್ಲಿವೆ. ಇಂದಿನ ದಂತವೈದ್ಯರು ಮೊದಲು ಕೇಳುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಇವೇ: ಉಜ್ಜುವಾಗ ರಕ್ತ ಬರುತ್ತದೆಯೇ, ತಣ್ಣನೆಯದು ಕುಡಿದರೆ ಜುಮ್ಮೆನ್ನುತ್ತದೆಯೇ, ಯಾವ ಹಲ್ಲಾದರೂ ಅಲುಗಾಡುತ್ತದೆಯೇ.

ಹಳ್ಳಿಯಲ್ಲಿ ಉಳಿದದ್ದು ಈ ಪಟ್ಟಿಯ ಒಂದೇ ತುಂಡು, ಹಲ್ಲಿನ ಹುಳ. ಹಲ್ಲು ನೋಯುತ್ತಿದೆ ಎಂದರೆ ಒಳಗೆ ಹುಳ ಕೊರೆಯುತ್ತಿದೆ ಎಂದೇ ಅರ್ಥ. ಅದನ್ನು ತೆಗೆಯುವ ನಾಟಿ ವಿಧಾನ ಕರ್ನಾಟಕದ ಹಲವು ಕಡೆ ಇತ್ತೀಚಿನವರೆಗೂ ನಡೆದಿತ್ತು. ನೆಲಗುಳ್ಳದ ಒಣಗಿದ ಬೀಜಕ್ಕೆ ಎಣ್ಣೆ ಸವರಿ ಕೆಂಡದ ಮೇಲೆ ಹಾಕಿ, ಏಳುವ ಹೊಗೆಯನ್ನು ಕೊಳವೆಯಿಂದ ಬಾಯಿಗೆ ಹಿಡಿಸುವುದು. ಆಮೇಲೆ ಕೆಳಗಿಟ್ಟ ನೀರಿನ ಬಟ್ಟಲಲ್ಲಿ ಬಿಳಿ ಎಳೆಗಳನ್ನು ತೋರಿಸಿ ಹುಳ ಬಿತ್ತು ಎನ್ನುವುದು. ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆಯ ಎಳೆಗಳೇ ಆ ಹುಳುಗಳು. ಹೊಗೆ ತಗುಲಿ ನೋವು ಸ್ವಲ್ಪ ಹೊತ್ತು ಮಂದವಾಗುತ್ತಿದ್ದರೂ ತೂತು ಬೆಳೆಯುವುದು ನಿಲ್ಲುತ್ತಿರಲಿಲ್ಲ. ಯುರೋಪಿನಲ್ಲೂ ಇದೇ ನಂಬಿಕೆ ಬಲವಾಗಿತ್ತು. ಫ್ರಾನ್ಸಿನ ಪಿಯರ್ ಫೋಶಾರ್ 1728ರಲ್ಲಿ ಪ್ರಕಟಿಸಿದ ದಂತವೈದ್ಯ ಗ್ರಂಥದಲ್ಲಿ ಹುಳುವಿನ ಮಾತನ್ನು ತಳ್ಳಿಹಾಕಿದ. ಬಾಯಿಯ ಸೂಕ್ಷ್ಮಾಣುಗಳು ಪಿಷ್ಟ ಮತ್ತು ಸಕ್ಕರೆಯಿಂದ ಆಮ್ಲ ತಯಾರಿಸಿ ಹಲ್ಲನ್ನು ಕರಗಿಸುತ್ತವೆ ಎಂದು ವಿಲ್ಲೊಬಿ ಮಿಲ್ಲರ್ ಸ್ಪಷ್ಟಪಡಿಸಿದ್ದು 1890ರಲ್ಲಿ.

ದಿನನಿತ್ಯದ ಸ್ವಚ್ಛತೆಗೆ ಬೇವಿನ ಕಡ್ಡಿ, ಜಾಲಿಯ ಕಡ್ಡಿ, ಇದ್ದಿಲು, ಉಪ್ಪು, ಇಟ್ಟಿಗೆಯ ಪುಡಿ ಇದ್ದವು. ಬೇವಿನ ಕಡ್ಡಿ ಅಗಿದು ಕುಂಚ ಮಾಡಿ ಉಜ್ಜುವುದು ಒಳ್ಳೆಯ ಅಭ್ಯಾಸವೇ. ಇಟ್ಟಿಗೆ ಪುಡಿ ಮತ್ತು ಇದ್ದಿಲು ಮಾತ್ರ ಹಲ್ಲಿನ ಹೊರ ಹೊದಿಕೆಯಾದ ಎನಾಮಲ್ಲನ್ನು ತೇಯುತ್ತವೆ. ಫ್ಲೋರೈಡಿನಿಂದ ಮೊದಲೇ ಟೊಳ್ಳಾದ ಎನಾಮಲ್ಲಿನ ಮೇಲೆ ಈ ತೇಯುವಿಕೆ ಇನ್ನಷ್ಟು ಕೆಡುಕು. ಕರೆ ಹೋಗಲೆಂದು ತಿಕ್ಕಿದಷ್ಟೂ ಹಲ್ಲು ಸವೆದು ಕರೆ ಅಲ್ಲೇ ಉಳಿಯುತ್ತದೆ.

ಈ ಕರೆಯ ಮೂಲ ಬಂಡೆಯಲ್ಲಿದೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದ ಜನ ಬಂಡೆ ಸೀಳಿ ಚಪ್ಪಡಿ ನಿಲ್ಲಿಸಿ ನೂರಾರು ಕಲ್ಮನೆಗಳನ್ನು ಕಟ್ಟಿದರು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಕೊರೆಯಲಾಯಿತು. ಸೀಮೆಯ ಉದ್ದಗಲಕ್ಕೂ ಅಡಿಗಟ್ಟಾಗಿರುವುದು ಇಂಥದೇ ಗ್ರಾನೈಟ್ ಮತ್ತು ನೈಸ್ ಶಿಲೆ, ವಯಸ್ಸು 250 ಕೋಟಿ ವರ್ಷದ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಇವುಗಳಲ್ಲಿನ ಅಭ್ರಕ, ಹಾರ್ನ್‌ಬ್ಲೆಂಡ್, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರಿನ್ ಅಡಗಿರುತ್ತದೆ. ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ನಿಂತಾಗ ಅದು ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಿಗೆ ಬರುತ್ತದೆ. ಮಳೆ ಹೆಚ್ಚಿದ್ದರೆ ಹೊಸ ನೀರು ಇಳಿದು ಹಳೆಯ ನೀರನ್ನು ತೆಳುಮಾಡುತ್ತಿತ್ತು. ಇಲ್ಲಿನ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು, ಅದೂ ನೆಚ್ಚಿಕೆಯಿಲ್ಲದ್ದು.

ಇಲ್ಲೊಂದು ವಿಷಯವನ್ನು ನಿಧಾನವಾಗಿ ನೋಡಬೇಕು. ಒಳ್ಳೆಯ ನೀರು ಯಾವುದು ಎಂದು ಗುರುತಿಸಲು ಹಳ್ಳಿಗರಿಗೆ ತಮ್ಮದೇ ಪರೀಕ್ಷೆಗಳಿದ್ದವು. ಬಾಯಿಗೆ ಸಿಹಿಯಾಗಿರಬೇಕು, ಸವಳು ಇರಬಾರದು. ಬೇಳೆ ಬೇಗ ಬೇಯಬೇಕು. ಸಾಬೂನು ಹಾಕಿದರೆ ನೊರೆ ಬರಬೇಕು. ಬೇಳೆ ಬೇಯದ, ನೊರೆ ಬಾರದ ನೀರಿನಲ್ಲಿ ಸುಣ್ಣದ ಅಂಶ ಅಂದರೆ ಕ್ಯಾಲ್ಸಿಯಂ ಹೆಚ್ಚು. ಇಂಥ ಗಡಸು ನೀರಿನಲ್ಲಿ ಫ್ಲೋರೈಡ್ ಬಹಳ ಹೊತ್ತು ಕರಗಿ ಉಳಿಯಲಾರದು, ಕ್ಯಾಲ್ಸಿಯಂ ಜೊತೆ ಸೇರಿ ಕೆಳಗೆ ಕೂರುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಸೋಡಾದ ಗುಣ ಹೆಚ್ಚಿರುವ ಮೆದು ನೀರಿನಲ್ಲೇ ಅದು ಹೆಚ್ಚು ಕರಗಿರುತ್ತದೆ. ಫ್ಲೋರೈಡಿಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಹೀಗಾಗಿ ಅಡುಗೆಮನೆಯ ಪರೀಕ್ಷೆಯಲ್ಲಿ ಗೆದ್ದ ನೀರು ಎಷ್ಟೋ ಬಾರಿ ಹಲ್ಲಿಗೆ ಕೆಟ್ಟ ನೀರೇ ಆಗಿರುತ್ತಿತ್ತು. ತಲೆಮಾರುಗಳಿಂದ ಕೈಹಿಡಿದ ಜ್ಞಾನವೇ ಈ ಒಂದು ವಿಷಯದಲ್ಲಿ ದಾರಿ ತಪ್ಪಿಸಿತು. ಇದರಲ್ಲಿ ಹಳ್ಳಿಗರ ತಪ್ಪೇನೂ ಇಲ್ಲ, ನಾಲಿಗೆಗೆ ಸಿಗದ್ದನ್ನು ನಾಲಿಗೆಯಿಂದ ಹಿಡಿಯಲು ಬರುವುದಿಲ್ಲ.

ಜಗತ್ತಿಗೂ ಈ ಕಾರಣ ತಿಳಿಯಲು ಮೂವತ್ತು ವರ್ಷ ಬೇಕಾಯಿತು. ಅಮೆರಿಕದ ಕೊಲರಾಡೊದಲ್ಲಿ 1901ರಲ್ಲಿ ವೃತ್ತಿ ಆರಂಭಿಸಿದ ದಂತವೈದ್ಯ ಫ್ರೆಡರಿಕ್ ಮೆಕೇ ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಕಂದು ಕರೆಯನ್ನು ಕಂಡು ಬೆನ್ನುಹತ್ತಿದ. ಹೊರಗಿನಿಂದ ದೊಡ್ಡವರಾಗಿ ಬಂದವರಿಗೆ ಕರೆ ಇರಲಿಲ್ಲ. ಕಾರಣ ನೀರಿನಲ್ಲಿದೆ ಎಂಬುದು ಅವನಿಗೆ ಖಚಿತವಾಗಿತ್ತು, ನೀರಿನಲ್ಲಿ ಏನಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಅಂಥ ನೀರಿನಲ್ಲಿ ಫ್ಲೋರೈಡ್ ಇರುವುದನ್ನು ಪತ್ತೆಹಚ್ಚಿದ. 1934ರಲ್ಲಿ ಟ್ರೆಂಡ್ಲಿ ಡೀನ್ ಕರೆಯ ತೀವ್ರತೆಯನ್ನು ದರ್ಜೆಗಳಾಗಿ ವಿಂಗಡಿಸಿದ. ತುಸು ಬದಲಾದ ರೂಪದಲ್ಲಿ ಆ ಅಳತೆ ಇಂದಿಗೂ ಬಳಕೆಯಲ್ಲಿದೆ.

ಅದೇ ವರ್ಷಗಳಲ್ಲಿ ದಕ್ಷಿಣ ಭಾರತದಲ್ಲೂ ಸುಳಿವುಗಳು ಸಿಗತೊಡಗಿದ್ದವು. 1934ರಲ್ಲಿ ಮಹಾಜನ್ ಎಂಬವರು ಹೈದರಾಬಾದ್ ಸಂಸ್ಥಾನದ ಕೆಲವು ಭಾಗಗಳ ದನಕರುಗಳಲ್ಲಿ ಇಂಥ ಕಾಯಿಲೆಯನ್ನು ವರದಿ ಮಾಡಿದರು. 1937ರಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಜನರಲ್ಲಿ ಅದನ್ನು ಫ್ಲೋರೋಸಿಸ್ ಎಂದು ಗುರುತಿಸಿದರು. ಕೊಪ್ಪಳ ಆಗ ನಿಜಾಮನ ಆಳ್ವಿಕೆಯಲ್ಲಿತ್ತು, ಸಾಲಾರ್‌ಜಂಗ್ ಮನೆತನದ ಜಹಗೀರು. ಜಹಗೀರಿನ ಹಳ್ಳಿಗೆ ಹಕೀಮರು ಬರುತ್ತಿದ್ದರು, ನಾಟಿ ವೈದ್ಯರಿದ್ದರು. ಮಕ್ಕಳ ಹಲ್ಲು ಎಣಿಸಿ ಬಾವಿಯ ನೀರು ಪರೀಕ್ಷಿಸುವವರು ಯಾರೂ ಇರಲಿಲ್ಲ. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1955ರಲ್ಲಿ ಹೈದರಾಬಾದ್ ಸೀಮೆಯ ನಲಗೊಂಡ ಜಿಲ್ಲೆಯ ಫ್ಲೋರೋಸಿಸ್ ಬಗ್ಗೆ ಸಿದ್ದಿಖಿ ಅವರ ಲೇಖನ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಲಗೊಂಡದ ಹೆಸರು ಆ ಮೇಲೆ ರೋಗದ ಜೊತೆಗೇ ಅಂಟಿಕೊಂಡಿತು. ಅದೇ ಬಗೆಯ ಬಂಡೆ, ಅದೇ ಬಗೆಯ ಬರ ಇರುವ ಕುಷ್ಟಗಿ, ಯಲಬುರ್ಗಾಗಳತ್ತ ಗಮನ ಹರಿಯಲು ಇನ್ನೂ ಬಹಳ ಕಾಲ ಹಿಡಿಯಿತು.

ಅಲ್ಲಿಯವರೆಗೆ ಜನ ಕುಡಿಯುತ್ತಿದ್ದದ್ದು ಹೆಚ್ಚಾಗಿ ಮೇಲು ನೀರು. ಕೆರೆ, ಹಳ್ಳದ ಮರಳಿನಲ್ಲಿ ತೋಡಿದ ಒರತೆ, ಊರ ಸೇದುವ ಬಾವಿ, ಮೆಟ್ಟಿಲು ಬಾವಿ. ತೋಡು ಬಾವಿಯಲ್ಲೂ ಫ್ಲೋರೈಡ್ ಇಲ್ಲದೆ ಇರಲಿಲ್ಲ, ಆದರೆ ಪ್ರತಿ ಮಳೆಗಾಲದ ನೀರು ಅದನ್ನು ತೆಳುಗೊಳಿಸುತ್ತಿತ್ತು. ಈ ನೀರಿಗೆ ಬೇರೆ ಶಾಪಗಳಿದ್ದವು. ಕಾಲರಾ ಬರುತ್ತಿತ್ತು. ಮೆಟ್ಟಿಲು ಬಾವಿಗೆ ಕಾಲಿಟ್ಟು ಇಳಿಯುವವರಿಂದ ನಾರುಹುಣ್ಣು ಹಬ್ಬುತ್ತಿತ್ತು. ರಾಯಚೂರು, ಗುಲಬರ್ಗಾ ಕಡೆಯ ಹಳ್ಳಿಗಳು ಅದರಿಂದ ಬಹುಕಾಲ ನರಳಿದವು. 1972ರ ಬರದಲ್ಲಿ ಬಾವಿಗಳು ಒಣಗಿದಾಗ ಕೊಳವೆಬಾವಿಯೇ ಉಳಿದ ದಾರಿ ಎನಿಸಿತು. ಸೊಲ್ಲಾಪುರದಲ್ಲಿ ರೂಪುಗೊಂಡ ಪಂಪಿನ ಮಾದರಿಯಿಂದ ಬೆಳೆದ ಇಂಡಿಯಾ ಮಾರ್ಕ್ 2 ಕೈಪಂಪು 1970ರ ದಶಕದ ಕೊನೆಗೆ ಹಳ್ಳಿ ಹಳ್ಳಿಗೆ ಬಂತು. 1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರಾಜ್ಯದ ಮೂಲೆಮೂಲೆಗೂ ಕೊಳವೆಬಾವಿ ತೆಗೆಸಿದರು. ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು, ಆ ಪ್ರೀತಿಗೆ ಅವರು ತಕ್ಕವರೂ ಆಗಿದ್ದರು. ಹೆಂಗಸರು ಮೈಲುಗಟ್ಟಲೆ ಕೊಡ ಹೊರುವುದು ಕಡಿಮೆಯಾಯಿತು. ಮೆಟ್ಟಿಲು ಬಾವಿ ಬಿಟ್ಟು ಕೈಪಂಪಿಗೆ ಬಂದದ್ದು ನಾರುಹುಣ್ಣು ತೊಲಗಲು ದೊಡ್ಡ ನೆರವಾಯಿತು. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು.

ಆದರೆ ಕೊಳವೆಬಾವಿ ತಂದದ್ದು ಬಂಡೆಯ ಬಿರುಕಿನ ಹಳೆಯ ನೀರು. ನೀರಾವರಿ ಪಂಪುಗಳು ಹೆಚ್ಚಿದಂತೆ ನೀರಿನ ಮಟ್ಟ ಕುಸಿಯಿತು, ಬೋರು ಇನ್ನೂ ಆಳಕ್ಕೆ ಹೋಯಿತು, ಕೆರೆಗಳಲ್ಲಿ ಹೂಳು ತುಂಬಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈ ಜಿಲ್ಲೆಯ ಅನೇಕ ಬೋರುಗಳ ನೀರು ಆ ಗೆರೆಯನ್ನು ದಾಟಿದ್ದು ಪರೀಕ್ಷೆಗಳಲ್ಲಿ ಕಂಡುಬಂತು. ಬಿಸಿಲ ನಾಡಿನಲ್ಲಿ ಹೊಲದಲ್ಲಿ ದುಡಿಯುವವರು ಕುಡಿಯುವ ನೀರೂ ಹೆಚ್ಚು, ಆದ್ದರಿಂದ ಒಳಹೋಗುವ ಪ್ರಮಾಣವೂ ಹೆಚ್ಚು.

ಗಂಗಾವತಿಯ ಚರಿತ್ರೆ ಇಲ್ಲಿ ಕವಲೊಡೆಯುತ್ತದೆ. ಆನೆಗೊಂದಿ ಭಾಗದಲ್ಲಿ ವಿಜಯನಗರದ ಕಾಲದ ಕಾಲುವೆಗಳು ತುಂಗಭದ್ರೆಯ ನೀರನ್ನು ಇಂದಿಗೂ ಹರಿಸುತ್ತಿವೆ. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ 1945ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ ಕಡೆಗೆ ಹರಿಯುತ್ತದೆ. 1953ರ ನಂತರ ಆ ಸೀಮೆ ಭತ್ತದ ಕಣಜವಾಯಿತು. ನದಿ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಕಾಲುವೆ ಮುಟ್ಟಿದ ಊರಿಗೂ ಬೋರು ನೆಚ್ಚಿದ ಯಲಬುರ್ಗಾ, ಕುಷ್ಟಗಿಯ ಎರೆ, ಮಸಾರಿ ನೆಲದ ಊರಿಗೂ ಇರುವ ಅಂತರ ಬೆಳೆಯಲ್ಲಿ ಮೊದಲು ಕಂಡಿತು, ಹಲ್ಲಿನಲ್ಲಿ ತಡವಾಗಿ. ಗಂಗಾವತಿಯಲ್ಲೂ ಕಾಲುವೆಯಿಂದ ದೂರವಿದ್ದು ಬೋರನ್ನೇ ನಂಬಿದ ಹಳ್ಳಿಗಳಿಗೆ ಈ ರಕ್ಷಣೆ ಸಿಗಲಿಲ್ಲ.

ಹಲ್ಲಿನ ಗುರುತು ಏಕೆ ತಡ ಎಂಬುದಕ್ಕೆ ಉತ್ತರ ಎನಾಮಲ್ ತಯಾರಾಗುವ ರೀತಿಯಲ್ಲಿದೆ. ಶಾಶ್ವತ ಮುಂಬಲ್ಲುಗಳ ಎನಾಮಲ್ ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಕಟ್ಟತೊಡಗಿ ನಾಲ್ಕೈದು ವರ್ಷಕ್ಕೆ ಪೂರ್ಣವಾಗುತ್ತದೆ. ಮೊದಲ ಮೂರು ವರ್ಷ ಬಹಳ ಸೂಕ್ಷ್ಮ. ಆಗ ಫ್ಲೋರೈಡ್ ಹೆಚ್ಚಾದರೆ, ಎನಾಮಲ್ ಗಟ್ಟಿಯಾಗುವಾಗ ಒಳಗಿಂದ ಹೊರಹೋಗಬೇಕಾದ ಪ್ರೋಟೀನು ಪೂರ್ತಿ ಹೋಗದೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಹಲ್ಲು ವಸಡಿನಿಂದ ಹೊರಬರುವುದು ಏಳು ಎಂಟನೆಯ ವರ್ಷಕ್ಕೆ. ಬರುವಾಗ ಅದು ಕಂದಾಗಿರುವುದಿಲ್ಲ, ಹೊಳಪಿಲ್ಲದ ಬಿಳಿ ಮಚ್ಚೆಯೊಂದಿಗೆ ಬರುತ್ತದೆ. ರಂಧ್ರಗಳಲ್ಲಿ ಚಹಾ ಮತ್ತು ಊಟದ ಬಣ್ಣ ಇಳಿದು ಕಂದಾಗುವುದು ಆಮೇಲೆ. ಅಂದರೆ ಮೂರನೆಯ ತರಗತಿಯ ಮಗುವಿನ ಹಲ್ಲು ಹೇಳುವುದು ಆ ವರ್ಷದ ನೀರಿನ ಸುದ್ದಿಯಲ್ಲ, ಅದು ಅಂಬೆಗಾಲಿಡುತ್ತಿದ್ದ ಕಾಲದ ನೀರಿನದು. ಆ ಎಚ್ಚರಿಕೆಯಿಂದ ಆ ಹಲ್ಲಿಗೆ ಲಾಭವಿಲ್ಲ. ಲಾಭವಾಗಬೇಕಾದದ್ದು ಮನೆಯ ತೊಟ್ಟಿಲಲ್ಲಿರುವ ತಮ್ಮನಿಗೆ, ತಂಗಿಗೆ. ಕೊಪ್ಪಳ ಸೀಮೆಯಲ್ಲಿ ಹಲವು ದಶಕ ಕೈತಪ್ಪಿದ್ದು ಇದೇ ಕೊಂಡಿ: ದೊಡ್ಡ ಮಗುವಿನ ಕರೆಯನ್ನು ಕಂಡವರು ಸಣ್ಣ ಮಗುವಿನ ನೀರನ್ನು ಬದಲಿಸಲಿಲ್ಲ, ಬದಲಿಸಲು ಬೇರೆ ನೀರೂ ಇರಲಿಲ್ಲ.

ಒಂದೇ ಮನೆಯಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ನದಿ ದಂಡೆಯ ಊರಿನಿಂದ ಬಂದ ಸೊಸೆ ಇಪ್ಪತ್ತು ವರ್ಷ ಇದೇ ಬೋರಿನ ನೀರು ಕುಡಿದರೂ ಅವಳ ಹಲ್ಲು ಬೆಳ್ಳಗೇ ಇರುತ್ತವೆ, ಅವು ಬಲಿತದ್ದು ತವರಿನ ನೀರಿನಲ್ಲಿ. ಅವಳ ಮಕ್ಕಳ ಹಲ್ಲು ಕರೆಗಟ್ಟುತ್ತವೆ. ಮಗಳು ಮದುವೆಯಾಗಿ ಒಳ್ಳೆಯ ನೀರಿನ ಊರಿಗೆ ಹೋದರೂ ಕರೆ ಅವಳೊಂದಿಗೆ ಹೋಗುತ್ತದೆ. ಹಲ್ಲು ನೋಡಿ ಇವರು ಯಾವ ಊರಿನವರು ಎಂದು ಊಹಿಸುವ ಮಾತು ಹೀಗೆ ಹುಟ್ಟಿತು. ಕನ್ಯೆ ನೋಡಲು ಬಂದಾಗ ನಗಲು ಅಳುಕುವ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮಾತಾಡುವ ಹೆಣ್ಣುಮಕ್ಕಳ ಸಂಕಟ ಯಾವ ವರದಿಯ ಅಂಕಣದಲ್ಲೂ ಸೇರುವುದಿಲ್ಲ. ಸೊಸೆಯ ಬೆಳ್ಳನೆಯ ಹಲ್ಲು ಇನ್ನೊಂದು ಭ್ರಮೆಯನ್ನೂ ಹುಟ್ಟಿಸುತ್ತದೆ, ಅವಳಿಗೆ ನೀರಿನಿಂದ ಏನೂ ಆಗಿಲ್ಲ ಎಂಬುದು. ಬೆಳೆದವರಲ್ಲಿ ಫ್ಲೋರೈಡ್ ಹಲ್ಲನ್ನು ಬಿಟ್ಟು ಮೂಳೆಗೆ ಸೇರುತ್ತದೆ. ಗದ್ದ ಎದೆಗೆ ತಾಗಿಸಲು ಆಗದಿರುವುದು, ಎರಡೂ ಕೈ ತಲೆಯ ಹಿಂದೆ ಒಯ್ಯಲು ಆಗದಿರುವುದು, ಮಂಡಿ ಮಡಿಸದೆ ಬಾಗಿ ಕಾಲ್ಬೆರಳು ಮುಟ್ಟಲು ಆಗದಿರುವುದು ಇವು ಆರೋಗ್ಯ ಕಾರ್ಯಕರ್ತರು ಹಳ್ಳಿಯಲ್ಲೇ ಮಾಡಿಸಿ ನೋಡುವ ಮೂರು ಪರೀಕ್ಷೆಗಳು.

ಫ್ಲೋರೋಸಿಸ್ ಕರೆಯನ್ನು ಬೇರೆ ಕರೆಗಳಿಂದ ಬೇರ್ಪಡಿಸುವ ಲಕ್ಷಣಗಳು ಸ್ಪಷ್ಟ. ಅದು ಜೋಡಿಯಾಗಿ ಬರುತ್ತದೆ, ಎಡಗಡೆಯ ಹಲ್ಲಿನಲ್ಲಿದ್ದರೆ ಬಲಗಡೆಯ ಜೊತೆ ಹಲ್ಲಿನಲ್ಲೂ ಇರುತ್ತದೆ. ಗೆರೆಗಳು ಅಡ್ಡವಾಗಿರುತ್ತವೆ, ಅಂಚು ಮಸುಕಾಗಿರುತ್ತದೆ. ಕೆರೆದರೆ ಹೋಗುವುದಿಲ್ಲ. ತೀವ್ರವಾದಾಗ ಎನಾಮಲ್ಲಿನಲ್ಲಿ ಸಣ್ಣ ಗುಳಿಗಳು ಬೀಳುತ್ತವೆ, ಅಂಚು ಮುರಿಯುತ್ತದೆ. ಹುಳುಕು ಹೀಗಲ್ಲ, ಅದು ದವಡೆ ಹಲ್ಲಿನ ಗೀರುಗಳಲ್ಲಿ, ಎರಡು ಹಲ್ಲುಗಳ ಸಂದಿನಲ್ಲಿ, ವಸಡಿನ ಅಂಚಿನಲ್ಲಿ ಸುರುವಾಗುತ್ತದೆ, ಒಂದು ಹಲ್ಲಿಗೆ ಬಂದರೆ ಪಕ್ಕದ್ದಕ್ಕೆ ಬರಲೇಬೇಕೆಂದಿಲ್ಲ. ವಸಡಿನಂಚಿನ ಒರಟು ಬಿಳಿ ಕಲೆ ಹುಳುಕಿನ ಮೊದಲ ಹಂತ, ಆಗಲೇ ನೋಡಿಕೊಂಡರೆ ತೂತು ಬೀಳುವುದನ್ನು ತಡೆಯಬಹುದು. ಎಲೆ ಅಡಿಕೆ, ತಂಬಾಕಿನ ಕರೆ ಹಲ್ಲಿನ ಮೇಲ್ಮೈಯಲ್ಲಿ ಅಂಟಿರುತ್ತದೆ, ದಂತವೈದ್ಯರು ಸ್ವಚ್ಛಗೊಳಿಸಿದರೆ ಹೋಗುತ್ತದೆ. ಗೊಂದಲ ಹುಟ್ಟಿಸುವ ಸಂಗತಿಯೆಂದರೆ ಫ್ಲೋರೈಡ್ ತೀರ ಕಡಿಮೆ ಪ್ರಮಾಣದಲ್ಲಿ ಹುಳುಕನ್ನು ತಡೆಯುತ್ತದೆ. ಅದಕ್ಕೆಂದೇ ಪೇಸ್ಟುಗಳಲ್ಲಿ ಅದನ್ನು ಸೇರಿಸುತ್ತಾರೆ. ನೀರಿನಲ್ಲೇ ಹೆಚ್ಚಾಗಿರುವ ಊರಿನಲ್ಲಿ ಪೇಸ್ಟ್ ನುಂಗುವ ವಯಸ್ಸಿನ ಮಕ್ಕಳ ಬಗ್ಗೆ ಹೆಚ್ಚಿನ ಜಾಗ್ರತೆ ಬೇಕು.

ಈ ಸೀಮೆಯ ಬಾಯಿಗೆ ನೀರೊಂದೇ ವೈರಿಯಾಗಿರಲಿಲ್ಲ. ಊಟವಾದ ಮೇಲೆ ಎಲೆ, ಅಡಿಕೆ, ಸುಣ್ಣ, ಜೊತೆಗೆ ತಂಬಾಕು ಹಾಕಿಕೊಳ್ಳುವುದು ಹೆಂಗಸರು ಗಂಡಸರೆನ್ನದೆ ಇದ್ದ ರೂಢಿ. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವ ಚಟವೂ ಉತ್ತರ ಕರ್ನಾಟಕದಲ್ಲಿ ಇತ್ತು. ಅಡಿಕೆ ಅಗಿಯುವವರ ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿಯನ್ನು 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಐವರು ಮಹಿಳೆಯರಲ್ಲಿ ವರ್ಣಿಸಿದರು. ಮರುವರ್ಷ ಮುಂಬಯಿಯ ಎಸ್. ಜಿ. ಜೋಶಿ ಅದನ್ನು ಭಾರತದಲ್ಲಿ ಗುರುತಿಸಿದರು. ಗುಟ್ಕಾ ಪೊಟ್ಟಣ ಬಂದ ಮೇಲೆ ಇದು ಹದಿಹರೆಯದ ಹುಡುಗರಿಗೂ ಹತ್ತಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಸಿಗುವ ತನಕ ನಿಷೇಧದ ಬಲ ಅರ್ಧಕ್ಕರ್ಧ. ಬಾಯಿಗೆ ಮೂರು ಬೆರಳು ನಿಲ್ಲಿಸಿ ಹಿಡಿಯಲು ಆಗದಿರುವುದು, ಖಾರ ತಾಗಿದರೆ ಉರಿ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬಾಯಿಯ ಕ್ಯಾನ್ಸರ್ ಮೊದಲ ಹಂತದಲ್ಲಿ ನೋಯುವುದಿಲ್ಲ, ನೋವಿಗೆ ಕಾದವರು ತಡವಾಗಿ ಬರುತ್ತಾರೆ. 2016ರ ರಾಷ್ಟ್ರೀಯ ಮಾರ್ಗಸೂಚಿಯಂತೆ 30 ದಾಟಿದವರ ಬಾಯಿಯನ್ನು ಆರೋಗ್ಯ ಕೇಂದ್ರಗಳಲ್ಲೇ ಪರೀಕ್ಷಿಸಬೇಕು. ಶಾಲಾ ಮಕ್ಕಳ ಹುಳುಕು ಹಲ್ಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ.

ಫ್ಲೋರೈಡ್ ತೆಗೆಯುವ ಪ್ರಯತ್ನಗಳದು ಬೇರೆಯೇ ಕಥೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಬೆರೆಸಿ ಕಲಕಿ, ಕೆಳಗೆ ಕೂತ ಗಷ್ಟಿನಿಂದ ತಿಳಿನೀರು ಬೇರ್ಪಡಿಸುತ್ತಾರೆ. ಅಗ್ಗವಾದದ್ದೇ, ಆದರೆ ದಿನಾ ಅಳತೆ ತಪ್ಪದೆ ಮಾಡುವವರು ಬೇಕು. ಫ್ಲೋರೋಸಿಸ್ ತಡೆಗೆ ಕೇಂದ್ರದ ಪ್ರತ್ಯೇಕ ಕಾರ್ಯಕ್ರಮ 2008-09ರಲ್ಲಿ ಬಂತು. ಮುಂದಿನ ದಶಕದಲ್ಲಿ ರಾಜ್ಯದ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದವು. ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿಕೊಂಡು ಬೈಕಿಗೆ ಕಟ್ಟಿಕೊಂಡು ಹೋಗುವುದು ಕುಷ್ಟಗಿ, ಯಲಬುರ್ಗಾ ಕಡೆ ನಿತ್ಯದ ನೋಟವಾಯಿತು. ಘಟಕ ಕೆಟ್ಟರೆ ದುರಸ್ತಿಗೆ ವಾರ, ತಿಂಗಳು ಕಾಯಬೇಕು, ಅಷ್ಟು ದಿನ ಮತ್ತೆ ಬೋರು. ಕುಡಿಯಲು ಕ್ಯಾನಿನ ನೀರು ತಂದವರು ಅಡುಗೆಗೆ ನಳದ ನೀರನ್ನೇ ಬಳಸಿದರೆ ಅನ್ನ, ಸಾರಿನ ಮೂಲಕ ಫ್ಲೋರೈಡ್ ಒಳಹೋಗುತ್ತಲೇ ಇರುತ್ತದೆ. ಮಗುವಿಗೆ ಗಂಜಿ ಕಾಯಿಸುವ ನೀರೇ ಅದರಲ್ಲಿ ಮುಖ್ಯವಾದದ್ದು ಎಂಬುದು ಮನೆಗಳಿಗೆ ಸಾಕಷ್ಟು ಮುಟ್ಟಿಲ್ಲ.

ಸ್ಥಿರವಾದ ದಾರಿ ಮೇಲು ನೀರೇ ಎಂಬ ತಿಳಿವಳಿಕೆ ನಿಧಾನಕ್ಕೆ ಬಲಗೊಂಡಿತು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹಿರೇಹಳ್ಳದ ಹೂಳು, ಜಾಲಿ ತೆಗೆಯಲು ಜನ ತಾವಾಗಿ ಸೇರಿದರು. ಅದೇ ವರ್ಷ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾಯಿತು. ಫ್ಲೋರೈಡ್ ಪೀಡಿತ ಊರುಗಳಿಗೆ ನದಿ ನೀರು ಬರುವತನಕ ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ 8ರಿಂದ 10 ಲೀಟರ್ ಶುದ್ಧ ನೀರು ಕೊಡಬೇಕೆಂಬುದು ಅದರ ನಿಯಮ. ಕುಷ್ಟಗಿ, ಯಲಬುರ್ಗಾ ಭಾಗಕ್ಕೆ ಕೃಷ್ಣಾ ನದಿಯ ನೀರು ತರುವ ಬಹುಗ್ರಾಮ ಯೋಜನೆ ಈ ದಾರಿಯಲ್ಲಿ ದೊಡ್ಡ ಹೆಜ್ಜೆ.

ನೀರು ಬದಲಿಸಿದರೆ ಹೊಸ ತಲೆಮಾರಿನ ಹಲ್ಲು ಬೆಳ್ಳಗಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. ಅಮೆರಿಕದ ಐಡಾಹೊ ರಾಜ್ಯದ ಓಕ್ಲಿ ಪಟ್ಟಣ ಮೆಕೇ ಮಾತು ಕೇಳಿ 1925ರಲ್ಲಿ ಬೇರೆ ಚಿಲುಮೆಯ ನೀರಿಗೆ ಬದಲಾಯಿಸಿಕೊಂಡಿತು. ಮುಂದೆ ಹುಟ್ಟಿದ ಮಕ್ಕಳಿಗೆ ಕರೆ ಬರಲಿಲ್ಲ. ಕೊಪ್ಪಳದಲ್ಲೂ ನಳದ ನೀರಿನ ಗುಣವನ್ನು ಅಳೆಯಲು ಪ್ರಯೋಗಾಲಯದ ಚೀಟಿಯೊಂದಿಗೆ ಶಾಲೆಯ ಹಾಜರಿ ಪುಸ್ತಕವೂ ಉಪಯೋಗಕ್ಕೆ ಬರುತ್ತದೆ. ಒಂದು ಹಳ್ಳಿಗೆ 2020ರಲ್ಲಿ ನದಿ ನೀರು ಬಂದು ತಪ್ಪದೆ ಹರಿದಿದ್ದರೆ ಆ ವರ್ಷ ಹುಟ್ಟಿದ ಮಕ್ಕಳ ಮೇಲಿನ ಮುಂಬಲ್ಲು ಹೊರಬರುವುದು 2027, 2028ರ ಹೊತ್ತಿಗೆ. ಆ ತರಗತಿಯ ಹಲ್ಲನ್ನು ಅದೇ ಶಾಲೆಯ ಮೇಲಿನ ತರಗತಿಗಳ ಹಲ್ಲಿನೊಂದಿಗೆ ಡೀನನ ಅಳತೆಯಲ್ಲಿ ಹೋಲಿಸಿ ದಾಖಲಿಸಿದರೆ, ಯಾವ ಊರಿನಲ್ಲಿ ನಳದಲ್ಲಿ ನದಿ ನೀರು ಹರಿದಿದೆ, ಯಾವ ಊರಿನಲ್ಲಿ ನಡುನಡುವೆ ಮತ್ತೆ ಬೋರಿನ ನೀರು ಬಿಟ್ಟಿದ್ದಾರೆ ಎಂಬುದು ಊರೂರಿಗೂ ತಿಳಿಯುತ್ತದೆ.